ಹೊಕ್ಕುಳ ಕೆಳಗೊಂದು ಹೊಲ

1971ರ ಕೊನೆಯ ದಿನಗಳು. ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಹೊರವಲಯದಲ್ಲಿ ಆಸ್ಪತ್ರೆಯೊಂದಕ್ಕೆ ನೆಲದಡಿಯ ಆಸರೆ ಕಟ್ಟಲೆಂದು ಕೆಲಸಗಾರರು ದಿಬ್ಬವೊಂದನ್ನು ತೋಡುತ್ತಿದ್ದರು. ಕೊರೆದ ತೂತಿನಿಂದ ಬುಸ್ಸೆಂದು ಅನಿಲ ನುಗ್ಗಿತು. ಬೆಂಕಿ ತಾಗಿದರೆ ನೀಲಿ ಜ್ವಾಲೆ. ಎರಡು ಸಾವಿರ ವರ್ಷ ಗಾಳಿಯಾಡದೆ ಮುಚ್ಚಿಕೊಂಡಿದ್ದ ಗೋರಿಯೊಂದು ಉಸಿರು ಬಿಟ್ಟಿತ್ತು. ಮಾವಾಂಗ್‌ಡುಯಿ ಎಂಬ ಹೆಸರು ಜಗತ್ತಿಗೆ ಪರಿಚಯವಾದದ್ದು ಹೀಗೆ. ಮರುವರ್ಷ ಅಗೆದಾಗ ದಾಯ್ ಎಂಬಲ್ಲಿನ ಸಾಮಂತನ ಹೆಂಡತಿಯ ಶವ ಸಿಕ್ಕಿತು. ಅದು ಎಷ್ಟು ಕೆಡದೆ ಉಳಿದಿತ್ತೆಂದರೆ ಕೈಕಾಲಿನ ಕೀಲುಗಳು ಇನ್ನೂ ಮಡಚುತ್ತಿದ್ದವು. ಪತ್ರಿಕೆಗಳೆಲ್ಲ ಆ ಹೆಂಗಸಿನ ಹಿಂದೆ ಬಿದ್ದವು.

ನಿಜವಾದ ನಿಧಿ ಸಿಕ್ಕಿದ್ದು 1973ರಲ್ಲಿ, ಪಕ್ಕದ ಮೂರನೆಯ ಗೋರಿಯಲ್ಲಿ. ಕ್ರಿಸ್ತಪೂರ್ವ 168ರಲ್ಲಿ ಮಣ್ಣು ಮುಚ್ಚಿದ ಆ ಗೋರಿ ಅದೇ ಹೆಂಗಸಿನ ಮಗನದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೂವತ್ತರ ಆಸುಪಾಸಿನಲ್ಲೇ ಸತ್ತವನು, ಪುಸ್ತಕದ ಹುಚ್ಚಿನವನು. ಟಾವೋ ಪಂಥದ ಆದಿಗುರು ಲಾವೋತ್ಸೆಯ ಗ್ರಂಥದ, ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ಅವನ ಜೊತೆಗಿದ್ದವು. ಮೈ ಬಗ್ಗಿಸಿ ಕೈ ಚಾಚಿ ಉಸಿರಾಡುವ 44 ಗಂಡಸರು, ಹೆಂಗಸರು, ಮುದುಕರ ಚಿತ್ರಪಟವೊಂದಿತ್ತು. ಇವುಗಳ ಜೊತೆ ಬಿದಿರಿನ ತೆಳುಪಟ್ಟಿಗಳ ಮೇಲೆ ಬರೆದ ಕೆಲವು ಪುಟ್ಟ ಗ್ರಂಥಗಳು: ‘ಹತ್ತು ಪ್ರಶ್ನೆಗಳು’, ‘ಯಿನ್ ಯಾಂಗ್ ಕೂಡಿಸುವುದು’, ‘ಜಗತ್ತಿನ ಪರಮ ಮಾರ್ಗದ ಮಾತು’. ಇವು ಗಂಡು ಹೆಣ್ಣಿನ ಕೂಟವನ್ನು ಆರೋಗ್ಯವಿದ್ಯೆಯಾಗಿ ಕಲಿಸುವ, ಈವರೆಗೆ ಸಿಕ್ಕಿರುವ ಅತಿ ಹಳೆಯ ಚೀನೀ ಬರಹಗಳು.

ಓದಲು ಕೂತವರಿಗೆ ಮೊದಲ ಅಚ್ಚರಿ ಅವುಗಳ ದನಿ. ಗುಟ್ಟಿನ ಪಿಸುಮಾತಿಲ್ಲ, ಪೋಲಿ ನಗೆಯಿಲ್ಲ. ಅಜ್ಜಿ ಕಷಾಯದ ಅಳತೆ ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತವೆ. ಭಂಗಿಗಳಿಗೆ ಹುಲಿ, ಜಿಂಕೆ, ಮಿಡತೆ, ಕಂಬಳಿಹುಳ, ಮೀನುಗಳ ಹೆಸರು. ಹೆಣ್ಣಿನ ಉಸಿರು, ಮೈಬಿಸಿ, ಬೆವರಿನ ಲಕ್ಷಣಗಳನ್ನು ನೋಡಿಕೊಂಡೇ ಮುಂದುವರಿಯಬೇಕು ಎಂಬ ಸೂಚನೆ. ‘ಹತ್ತು ಪ್ರಶ್ನೆಗಳು’ ಕೃತಿಯಲ್ಲಿ ಒಂದು ತಮಾಷೆಯ ಪ್ರಸಂಗವಿದೆ. ಛಿ ರಾಜ್ಯದ ದೊರೆ ವೇಯ್ ತನಗೆ ಪುರಸೊತ್ತಿಲ್ಲ, ದೀರ್ಘಾಯುಷ್ಯದ ವಿದ್ಯೆಯನ್ನು ಒಂದೆರಡು ಮಾತಿನಲ್ಲಿ ಮುಗಿಸು ಎಂದು ವೈದ್ಯ ವೆನ್ ಝಿಗೆ ಹೇಳುತ್ತಾನೆ. ವೈದ್ಯ ತನ್ನ ಬಳಿ ಮುನ್ನೂರು ಸುರುಳಿಗಳಿದ್ದರೂ ಎಲ್ಲಕ್ಕೂ ಮೊದಲು ಬರುವುದು ನಿದ್ದೆ ಎನ್ನುತ್ತಾನೆ. ಅಲ್ಲಿಂದ ಮಾತು ಈರುಳ್ಳಿ ಜಾತಿಯ ಸೊಪ್ಪಿನ ಗುಣದ ಕಡೆಗೆ ಹೊರಳುತ್ತದೆ. ಕಾಮಶಾಸ್ತ್ರ ಹುಡುಕಿ ಬಂದವನಿಗೆ ಸೊಪ್ಪು ತಿಂದು ಚೆನ್ನಾಗಿ ಮಲಗು ಎಂಬ ಉಪದೇಶ!

ಈ ಪಟ್ಟಿಗಳು ಇನ್ನೊಂದು ಹಳೆಯ ಒಗಟನ್ನೂ ಬಿಡಿಸಿದವು. ಚೀನೀ ವೈದ್ಯದ ಮೂಲಗ್ರಂಥವಾದ ‘ಹಳದಿ ಚಕ್ರವರ್ತಿಯ ಒಳ ಶಾಸ್ತ್ರ’ದಲ್ಲಿ ‘ಏಳು ನಷ್ಟ, ಎಂಟು ಲಾಭ’ ಎಂಬ ಮಾತೊಂದು ವಿವರಣೆಯಿಲ್ಲದೆ ಬರುತ್ತದೆ. ಶತಮಾನಗಳ ಕಾಲ ಟೀಕಾಕಾರರು ಅದಕ್ಕೆ ತೋಚಿದ ಅರ್ಥ ಹಚ್ಚಿದರು. ಮಾವಾಂಗ್‌ಡುಯಿಯ ಬಿದಿರು ಪಟ್ಟಿಯಲ್ಲಿ ಆ ಹದಿನೈದೂ ಬಿಡಿಬಿಡಿಯಾಗಿ ಪಟ್ಟಿಯಾಗಿದ್ದವು, ಎಲ್ಲವೂ ದಾಂಪತ್ಯದ ಕೂಟಕ್ಕೆ ಸಂಬಂಧಿಸಿದವು. ಅವಸರ ಮಾಡುವುದು ಒಂದು ನಷ್ಟ. ಇಚ್ಛೆಯಿಲ್ಲದಾಗ ಬಲವಂತ ಮಾಡುವುದು ಇನ್ನೊಂದು. ಅದಕ್ಕೆ ಕೊಟ್ಟಿರುವ ಹೆಸರಿನ ಅರ್ಥ ‘ಕಡಿದುಹೋಗುವುದು’. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಪಟ್ಟಿಯಲ್ಲಿ ಬಲವಂತ ಆರೋಗ್ಯಕ್ಕೆ ಹಾನಿ ಎಂದು ಬರೆದಿರುವುದು ಸಣ್ಣ ಸಂಗತಿಯಲ್ಲ. ಮುಂದೆ ಟಾವೋ ಪಂಥದ ಸಾಧಕರು ‘ಯೀ’, ಅಂದರೆ ಇಂಗಿತ, ಎಂದು ಕರೆದ ತತ್ವದ ಬೇರು ಇಲ್ಲೇ ಎಲ್ಲೋ ಇದೆ.

ಈ ಸಾಧಕರ ಪದಗಳನ್ನು ಬಿಡಿಸಿ ನೋಡಿದರೆ ಇಡೀ ವಿದ್ಯೆ ಅಡುಗೆಮನೆಯಲ್ಲಿ ಹುಟ್ಟಿದ್ದೇನೋ ಅನಿಸುತ್ತದೆ. ಟಾವೋ ಸಾಧಕರ ಪ್ರಕಾರ ಮೈಯಲ್ಲಿ ಮೂರು ಸಂಪತ್ತು: ಜಿಂಗ್, ಚೀ, ಶೆನ್. ಜಿಂಗ್ ಎಂದರೆ ಸಾರ, ಸತ್ವ, ಗಂಡಸಿನಲ್ಲಿ ವೀರ್ಯವೂ ಹೌದು. ಆ ಅಕ್ಷರದ ಹಳೆಯ ಅರ್ಥ ಪಾಲಿಶ್ ಮಾಡಿದ, ಆರಿಸಿದ ಅಕ್ಕಿ. ಚೀ ಎಂದರೆ ಉಸಿರು, ಶಕ್ತಿ. ಆ ಅಕ್ಷರದಲ್ಲೂ ಅಕ್ಕಿಯಿದೆ, ಅದರ ಮೇಲೆ ಏಳುವ ಹಬೆಯಿದೆ. (ಚೀನೀಯರ ಉಚ್ಚಾರಕ್ಕೆ ‘ಛೀ’ ಇನ್ನೂ ಹತ್ತಿರ. ಆದರೆ ಹಾಗೆ ಬರೆದರೆ ಕನ್ನಡದಲ್ಲಿ ಬೈದ ಹಾಗಾಗುತ್ತದೆ.) ಶೆನ್ ಎಂದರೆ ಚೈತನ್ಯ, ಕಣ್ಣಿನೊಳಗಿನ ಹೊಳಪು. ಅಕ್ಕಿ ಹಬೆಯಾಗಬೇಕು, ಹಬೆ ಬೆಳಕಾಗಬೇಕು. ಸಾಧನೆಯ ದಾರಿ ಇಷ್ಟೇ. ಇದೆಲ್ಲ ನಡೆಯುವ ಜಾಗ ಹೊಕ್ಕುಳಿಗಿಂತ ಮೂರು ಬೆರಳು ಕೆಳಗೆ ಒಳಗಡೆ ಇರುವ ‘ದಾನ್‌ತಿಯಾನ್’. ದಾನ್ ಎಂದರೆ ರಸಸಿಂಧೂರದಂಥ ಕೆಂಪು ಮದ್ದು, ತಿಯಾನ್ ಎಂದರೆ ಹೊಲ.

ಇನ್ನು ಯೀ. ಆ ಅಕ್ಷರ ಬರೆಯುವಾಗ ಮೇಲೆ ನಾದದ ಗುರುತು, ಅದರ ಕೆಳಗೆ ಹೃದಯದ ಗುರುತು. ಇಂಗಿತ, ಉದ್ದೇಶ, ಗಮನ, ಎಣಿಕೆ ಎಲ್ಲವೂ ಅದೇ. ಕನ್ನಡದ ಮನೆಗಳಲ್ಲಿ ಯಾವ ಪೂಜೆಗೂ ಮೊದಲು ನೀರು ಬಿಟ್ಟು ಹೇಳುವ ಸಂಕಲ್ಪ ಇದಕ್ಕೆ ಸಮೀಪ ಬರುತ್ತದಾದರೂ ಪೂರ್ತಿ ಹೊಂದುವುದಿಲ್ಲ. ಸಂಕಲ್ಪದಲ್ಲಿ ಇಂಥದ್ದು ಬೇಕು ಎಂಬ ಬಯಕೆ ಸ್ಪಷ್ಟವಾಗಿದೆ. ಯೀ ಅದಕ್ಕಿಂತ ಮೆತ್ತಗಿನದು: ಮಲಗಿದ ಮಗುವಿನ ಮೇಲೆ ತಾಯಿ ಇಟ್ಟಿರುವ ಕಿವಿಯಂಥದು. ತಾಯ್‌ಚೀ ಕಲಿಸುವ ಗುರುಗಳು ಇಂದಿಗೂ ಹೇಳುವುದು ಒಂದೇ ಮಾತು: ಯೀ ಎಲ್ಲಿಗೆ ಹೋಯಿತೋ ಅಲ್ಲಿಗೆ ಚೀ ಹೋಯಿತು. ತೋಳಿನ ಬಲ ಬೇಡ, ಗಮನ ಸಾಕು.

ಈ ಮೃದು ವಿದ್ಯೆ ಬಹುಬೇಗ ಬೇರೆ ಬೇರೆ ಕೈಗಳಿಗೆ ಸಿಕ್ಕಿತು. ಹಾನ್ ರಾಜವಂಶದ ಗ್ರಂಥಸೂಚಿಯಲ್ಲಿ ‘ಮಲಗುವ ಕೋಣೆಯ ಕಲೆ’ ಎಂಬ ಪ್ರತ್ಯೇಕ ವಿಭಾಗವಿದ್ದು ಎಂಟು ಕೃತಿಗಳ ಹೆಸರಿದೆ. ಎಂಟೂ ಕಳೆದುಹೋಗಿವೆ. ನಂತರದ ಶತಮಾನಗಳಲ್ಲಿ ಬಂದ ಕೃತಿಗಳೂ ಚೀನಾದಲ್ಲಿ ಅಳಿದವು, ಬದುಕಿದ್ದು ಜಪಾನಿನಲ್ಲಿ. 984ರಲ್ಲಿ ತಂಬಾ ಯಸುಯೋರಿ ಎಂಬ ವೈದ್ಯ ಮೂವತ್ತು ಸಂಪುಟಗಳ ‘ಇಶಿನ್‌ಪೋ’ ಸಂಕಲಿಸಿ ಚಕ್ರವರ್ತಿಗೆ ಒಪ್ಪಿಸಿದ. ಅದರ 28ನೇ ಸಂಪುಟದಲ್ಲಿ ಈ ಚೀನೀ ಗ್ರಂಥಗಳ ತುಣುಕುಗಳನ್ನು ಎತ್ತಿ ಬರೆದಿಟ್ಟ. ಅಲ್ಲಿ ಗುರು ಹೆಣ್ಣು. ಸೂನ್ಯೂ, ಅಂದರೆ ‘ಸರಳ ಕನ್ಯೆ’, ಹಳದಿ ಚಕ್ರವರ್ತಿಗೆ ಪಾಠ ಹೇಳುತ್ತಾಳೆ. 20ನೇ ಶತಮಾನದ ಆರಂಭದಲ್ಲಿ ಯೆ ದೆಹುಯಿ ಎಂಬ ವಿದ್ವಾಂಸ ಆ ತುಣುಕುಗಳನ್ನು ಆಯ್ದು, ಕಳೆದ ಗ್ರಂಥಗಳನ್ನು ಮತ್ತೆ ಜೋಡಿಸಿ ಅಚ್ಚು ಹಾಕಿಸಿದ. ಸಂಭಾವಿತರು ಮೂಗು ಮುರಿದರು. 1927ರ ಕ್ರಾಂತಿಯ ಗಲಾಟೆಯಲ್ಲಿ ಅವನನ್ನು ಕೊಂದದ್ದು ಚಾಂಗ್‌ಶಾದಲ್ಲೇ. ಅವನು ಹುಡುಕಿದ ವಿದ್ಯೆಯ ಅತಿ ಹಳೆಯ ಪ್ರತಿಗಳು ಅದೇ ಊರಿನ ಅಂಚಿನಲ್ಲಿ ಮಣ್ಣಿನಡಿ ಇದ್ದವು.

ಟಾವೋ ಧರ್ಮ ಸಂಘಟಿತ ಪಂಥವಾದದ್ದು ಕ್ರಿಸ್ತಶಕ 142ರಲ್ಲಿ ಸಿಚುವಾನಿನಲ್ಲಿ ಝಾಂಗ್ ದಾವೋಲಿಂಗ್‌ಗೆ ದರ್ಶನವಾಯಿತೆಂಬ ನಂಬಿಕೆಯಿಂದ. ಅವನ ‘ಸ್ವರ್ಗೀಯ ಗುರು’ ಪಂಥದಲ್ಲಿ ಚೀ ಕೂಡಿಸುವ ವಿಧಿಯೊಂದಿತ್ತು. ಗುರುವಿನ ಸಮ್ಮುಖದಲ್ಲಿ, ದಿಕ್ಕು, ಹೆಜ್ಜೆ, ಉಸಿರಿನ ಎಣಿಕೆ, ದೇವತೆಗಳ ಧ್ಯಾನ ಎಲ್ಲವನ್ನೂ ಕಟ್ಟುನಿಟ್ಟಾಗಿ ಪಾಲಿಸಿ ಗಂಡು ಹೆಣ್ಣು ಕೂಡುವ ವ್ರತವದು. ಉಳಿದಿರುವ ವಿಧಿಗ್ರಂಥ ನೋಡಿದರೆ ಅದರಲ್ಲಿ ಸುಖಕ್ಕೆ ಪುರಸೊತ್ತೇ ಇದ್ದಂತಿಲ್ಲ, ಅಷ್ಟೊಂದು ಲೆಕ್ಕ. ಹೊರಗಿನವರಿಗೆ ಮಾತ್ರ ಅದು ಸ್ವೈರಾಚಾರವಾಗಿ ಕಂಡಿತು. ಟಾವೋ ಬಿಟ್ಟು ಬೌದ್ಧನಾದ ಝೆನ್ ಲುವಾನ್ 570ರಲ್ಲಿ ‘ಟಾವೋ ನೋಡಿ ನಗುವುದು’ ಎಂಬ ಗ್ರಂಥದಲ್ಲಿ ತಾನು ಯೌವನದಲ್ಲಿ ಕಂಡದ್ದೆಂದು ಅದನ್ನು ಬಯಲಿಗೆಳೆದ. ಅದಕ್ಕೂ ಮೊದಲೇ, 415ರಲ್ಲಿ, ಕೌ ಛಿಯಾನ್‌ಝಿ ಎಂಬ ಸುಧಾರಕ ಸ್ವತಃ ಲಾವೋತ್ಸೆಯ ಅಪ್ಪಣೆಯಾಯಿತೆಂದು ಹೇಳಿ ಪಂಥವನ್ನು ಶುದ್ಧ ಮಾಡಲು ಹೊರಟಿದ್ದ.

ಇದೇ ಕಾಲದ ಇನ್ನಿಬ್ಬರು ದೊಡ್ಡವರ ಮಾತು ಸಮತೂಕದ್ದು. 283ರಿಂದ 343ರವರೆಗೆ ಬದುಕಿದ್ದನೆನ್ನುವ ಗೆ ಹೊಂಗ್ ಅಮರತ್ವದ ಔಷಧಿಯನ್ನು ಗಾಢವಾಗಿ ನಂಬಿದವನು. ಆದರೂ ಮಲಗುವ ಕೋಣೆಯ ಕಲೆಯೊಂದರಿಂದಲೇ ಅಮರರಾಗಬಹುದೆಂಬ ಮಾತನ್ನು ತಳ್ಳಿಹಾಕಿದ. ಪೂರ್ತಿ ಬ್ರಹ್ಮಚರ್ಯ ಮೈಯಲ್ಲಿ ಕಟ್ಟಿಕೊಂಡು ರೋಗ ತರುತ್ತದೆಂದೂ ಎಚ್ಚರಿಸಿದ. ಏಳನೇ ಶತಮಾನದ ಮಹಾವೈದ್ಯ ಸುನ್ ಸಿಮಿಯಾವೋ ಹೇಳುವ ಕಥೆ ಇನ್ನೂ ಸೊಗಸು. ಎಪ್ಪತ್ತು ದಾಟಿದ ಹಳ್ಳಿಯ ಮುದುಕನೊಬ್ಬ ಅವನ ಬಳಿ ಬಂದು, ಕೆಲವು ದಿನಗಳಿಂದ ತನಗೆ ಯೌವನ ಮರಳಿದೆ, ಹಗಲಲ್ಲೂ ಹೆಂಡತಿಯ ಜೊತೆ ಇರಬೇಕೆನಿಸುತ್ತಿದೆ, ಇದು ಒಳ್ಳೆಯದೇ ಎಂದು ಕೇಳಿದ. ಎಣ್ಣೆ ತೀರುವ ದೀಪ ಒಮ್ಮೆ ಮಂಕಾಗಿ ಮತ್ತೆ ಭಗ್ಗೆನ್ನುತ್ತದೆ ಎಂದು ಸುನ್ ಉತ್ತರ ಕೊಟ್ಟ. ನಲವತ್ತು ದಿನದ ಮೇಲೆ ಮುದುಕ ಕಾಯಿಲೆ ಬಿದ್ದು ಸತ್ತ. ಆರುವ ದೀಪದ ಈ ಮಾತು ಕನ್ನಡದ ಹಳ್ಳಿಗಳಿಗೂ ಹೊಸದಲ್ಲ.

ಕೆಟ್ಟ ಕೈಗೆ ಸಿಕ್ಕ ಕಥೆ ಹೇಳದಿದ್ದರೆ ಲೇಖನ ಅರ್ಧವಾಗುತ್ತದೆ. ಹೆಣ್ಣಿನ ಸತ್ವವನ್ನು ಹೀರಿ ತಾನು ಚಿರಾಯುವಾಗಬಹುದು, ಹಾಗಾಗಿ ಸಂಗಾತಿಯನ್ನು ಬದಲಿಸುತ್ತಲೇ ಇರಬೇಕು ಎಂಬ ಲೆಕ್ಕಾಚಾರ ‘ಇಶಿನ್‌ಪೋ’ ಉಳಿಸಿದ ಕೆಲವು ತುಣುಕುಗಳಲ್ಲೇ ಇಣುಕುತ್ತದೆ. (ಅದೇ ತುಣುಕುಗಳಲ್ಲಿ ಪಶ್ಚಿಮದ ಮಹಾಮಾತೆ ಎಂಬ ದೇವತೆ ತರುಣರಿಂದ ಯಾಂಗ್, ಅಂದರೆ ಗಂಡಿನ ಸತ್ವ, ಹೀರಿ ಅಮರಳಾದ ಪ್ರಸ್ತಾಪವೂ ಇದೆ, ಲೂಟಿ ಎರಡೂ ಕಡೆಯಿಂದ.) ಈ ದಾರಿಯ ತುದಿಯಲ್ಲಿ ನಿಂತವನು ಮಿಂಗ್ ವಂಶದ ಜಿಯಾಜಿಂಗ್ ಚಕ್ರವರ್ತಿ. ಹುಡುಗಿಯರ ಮುಟ್ಟಿನ ರಕ್ತದಿಂದ ‘ಕೆಂಪು ಸೀಸ’ ಎಂಬ ಗುಳಿಗೆ ಮಾಡಿಸಿ ನುಂಗುತ್ತಿದ್ದ. 1542ರಲ್ಲಿ ಒಂದು ರಾತ್ರಿ ಅರಮನೆಯ ಹದಿನಾರು ಹೆಣ್ಣುಗಳು ಮಲಗಿದ್ದ ಅವನ ಕುತ್ತಿಗೆಗೆ ಹುರಿ ಬಿಗಿದರು. ಗಂಟು ತಪ್ಪಾಗಿ ಬಿದ್ದು ಅವನು ಬದುಕಿಕೊಂಡ. ಹದಿನಾರು ಮಂದಿಯನ್ನೂ ಚಿತ್ರಹಿಂಸೆಯಿಂದ ಕೊಲ್ಲಲಾಯಿತು. ಚಕ್ರವರ್ತಿ ಗುಳಿಗೆ ಬಿಡಲಿಲ್ಲ, 1567ರವರೆಗೆ ಬದುಕಿದ.

ಹೀಗೆ ಹೆಸರು ಕೆಟ್ಟ ವಿದ್ಯೆಯನ್ನು ಒಳಮುಖ ಮಾಡಿದವರು ಬೇರೆ. ಹತ್ತನೇ ಶತಮಾನದ ಹೊತ್ತಿಗೆ ‘ನೇಯ್‌ದಾನ್’, ಅಂದರೆ ಒಳಗಿನ ರಸವಿದ್ಯೆ, ಬಲವಾಗಿ ಬೆಳೆದಿತ್ತು. ಪಾದರಸ ಸೀಸ ಬೆರೆಸಿ ಗುಳಿಗೆ ಕಾಯಿಸುವ ಹೊರಗಿನ ರಸವಿದ್ಯೆಯಿಂದ ಹಲವು ಅರಸರೇ ವಿಷವೇರಿ ಸತ್ತ ಮೇಲೆ, ಮೈಯನ್ನೇ ಕುಲುಮೆ ಮಾಡಿಕೊಂಡವರ ದಾರಿ ಇದು. ಝಾಂಗ್ ಬೋದುವಾನ್ 1075ರಲ್ಲಿ ಬರೆದ ಪದ್ಯಗ್ರಂಥ ಇದರ ಕೈಪಿಡಿ. ಮದುಮಗ, ಮದುಮಗಳು, ಹುಲಿ, ಡ್ರ್ಯಾಗನ್, ಸೀಸ, ಪಾದರಸ ಎಲ್ಲ ಅದರಲ್ಲಿ ಬರುತ್ತವೆ. ಅವು ನಿಜವಾದ ಇಬ್ಬರು ಮನುಷ್ಯರೋ, ಒಬ್ಬನೊಳಗಿನ ಎರಡು ಶಕ್ತಿಗಳೋ ಎಂದು ಟೀಕಾಕಾರರು ಇಂದಿಗೂ ಎರಡು ಬಣ. 12ನೇ ಶತಮಾನದಲ್ಲಿ ವಾಂಗ್ ಚೊಂಗ್‌ಯಾಂಗ್ ಕಟ್ಟಿದ ಛುವಾನ್‌ಝೆನ್ ಪಂಥ ಸಂನ್ಯಾಸಿಗಳದು, ಅವರಿಗೆ ಅನುಮಾನವೇ ಇರಲಿಲ್ಲ: ಮದುವೆ ಒಳಗಿನದು, ಹೊರಗಿನ ಹೆಂಡತಿ ಬೇಕಿಲ್ಲ.

ಆ ಮದುವೆಯ ವಿವರ ಕೇಳುವಂಥದ್ದು. ಸಾಮಾನ್ಯ ಮೈಯಲ್ಲಿ ಬೆಂಕಿ ಮೇಲೆ, ಹೃದಯದಲ್ಲಿ. ನೀರು ಕೆಳಗೆ, ಮೂತ್ರಪಿಂಡದಲ್ಲಿ. ಬೆಂಕಿ ಮೇಲಕ್ಕೇ ಏಳುತ್ತದೆ, ನೀರು ಕೆಳಕ್ಕೇ ಇಳಿಯುತ್ತದೆ, ಎರಡೂ ದೂರವಾಗಿ ಮನುಷ್ಯ ಮುಪ್ಪಾಗುತ್ತಾನೆ. ಸಾಧಕ ಮಾಡಬೇಕಾದ್ದು ಯಾವ ಅಡುಗೆಯವಳೂ ದಿನಾ ಮಾಡುವ ಕೆಲಸ: ಬೆಂಕಿಯನ್ನು ನೀರಿನ ಕೆಳಗಿಡುವುದು. ಆಗ ಹಬೆ ಏಳುತ್ತದೆ. ಆ ಹಬೆ ಬೆನ್ನುಹುರಿಯ ಗುಂಟ ತಲೆಗೆ ಏರಿ ಮುಂದುಗಡೆಯಿಂದ ಹೊಟ್ಟೆಗೆ ಇಳಿಯುವ ಸುತ್ತೇ ‘ಚಿಕ್ಕ ಆಕಾಶ ಪ್ರದಕ್ಷಿಣೆ’. ಇಲ್ಲಿ ಸಂಬಂಧ ಕುದುರಿಸುವವಳು ಒಬ್ಬ ಮುದುಕಿ, ಹೆಸರು ಹುವಾಂಗ್‌ಪೋ, ಹಳದಿ ಅಜ್ಜಿ. ಹಳದಿ ಮಣ್ಣಿನ ಬಣ್ಣ, ನಟ್ಟನಡುವಿನ ಬಣ್ಣ. ಗ್ರಂಥಗಳು ಸ್ಪಷ್ಟವಾಗಿ ಹೇಳುತ್ತವೆ: ಈ ಅಜ್ಜಿಯೇ ಯೀ, ಅದೂ ‘ನಿಜವಾದ ಯೀ’. ಗಂಡು ಹೆಣ್ಣನ್ನು ಒಂದೆಡೆ ಸೇರಿಸುವುದು ಅವಳ ಕೆಲಸ. ಸೇರಿದ ಮೇಲೂ ಕೋಣೆಯಲ್ಲಿ ಕೂತರೆ ಮದುವೆ ಕೆಟ್ಟಂತೆ.

ವೀರ್ಯದ ವಿಷಯದಲ್ಲಿ ಯೀ ಎಷ್ಟು ನಿರ್ಣಾಯಕ ಎಂಬುದು 18ನೇ ಶತಮಾನದ ಸಾಧಕ ಲಿಯು ಹುವಾಯಾಂಗ್ ಮತ್ತು ಅವನ ಪರಂಪರೆಯ ಬರಹಗಳಲ್ಲಿ ತೀರಾ ನೇರವಾಗಿ ಬರುತ್ತದೆ. ನಿದ್ದೆಯಿಂದ ಎಚ್ಚರಕ್ಕೆ ಬರುವ ಹೊತ್ತಿನಲ್ಲಿ, ಯಾವ ಕಾಮದ ಯೋಚನೆಯೂ ಇಲ್ಲದೆ ಮೈ ತಾನಾಗಿ ಚಿಗುರುವುದುಂಟು. ಅದು ‘ಜೀವಂತ ಮಧ್ಯರಾತ್ರಿ’; ಗಡಿಯಾರದ ಹನ್ನೆರಡಕ್ಕೂ ಅದಕ್ಕೂ ಸಂಬಂಧವಿಲ್ಲ. ಆಗ ಹುಟ್ಟುವುದು ಮೂಲ ಸತ್ವ, ತಾಯ್ತಂದೆಯಿಂದ ಬಂದ ಬಂಡವಾಳ. ಆ ಗಳಿಗೆಯಲ್ಲಿ ಮೆಲ್ಲನೆ ಗಮನ ಇಟ್ಟರೆ ಅದು ಚೀ ಆಗುತ್ತದೆ. ಯಾರದೋ ಮುಖ ನೆನಪಾಯಿತೋ, ಅದೇ ಸತ್ವ ಮಾಮೂಲಿ ವೀರ್ಯವಾಗಿ ಇಳಿಯಿತು, ಸಾಧನೆಗೆ ಬಾರದು. ಅದೇ ಮೈ, ಅದೇ ಕ್ಷಣ. ಫಲ ಬೇರೆಯಾದದ್ದು ಇಂಗಿತದಿಂದ ಮಾತ್ರ.

ಹೆಣ್ಣುಮಕ್ಕಳಿಗೆ ‘ನ್ಯೂದಾನ್’ ಎಂಬ ಪ್ರತ್ಯೇಕ ದಾರಿಯಿತ್ತು. ಅಲ್ಲಿ ಸಾಧನೆ ಎದೆಯ ನಡುವಿನಿಂದ ಶುರು. ಮುಟ್ಟು ನಿಲ್ಲಿಸುವ ಹಂತಕ್ಕೆ ‘ಕೆಂಪು ಡ್ರ್ಯಾಗನ್ನಿನ ತಲೆ ಕಡಿಯುವುದು’ ಎಂಬ ಭಯಂಕರ ಹೆಸರು. ಈ ಪಠ್ಯಗಳಲ್ಲಿ ಬಹುಪಾಲು ಛಿಂಗ್ ರಾಜವಂಶದ ಕಾಲದಲ್ಲಿ ಗಂಡಸರೇ ದೇವತೆಯ ಆವೇಶವೆಂದು ಬರೆದವು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಪರಂಪರೆ ತಾಯಿಯೆಂದು ಕೊಂಡಾಡುವುದು 12ನೇ ಶತಮಾನದ ಸುನ್ ಬು’ಎರ್‌ಳನ್ನು. ಒಂಟಿಯಾಗಿ ದೂರದ ಊರಿಗೆ ಹೋಗಲು ಅಡ್ಡಿಯಾಗುವ ಚೆಲುವನ್ನು ಆಕೆ ಕಾದ ಎಣ್ಣೆಯಿಂದ ಸುಟ್ಟುಕೊಂಡಳೆಂದು ಐತಿಹ್ಯ. ಆಕೆಯ ಹೆಸರಿನ ಪದ್ಯಗಳಿಗೆ 20ನೇ ಶತಮಾನದಲ್ಲಿ ಟಿಪ್ಪಣಿ ಬರೆದ ಚೆನ್ ಯಿಂಗ್‌ನಿಂಗ್, ಅದನ್ನು ಬರೆದದ್ದು ಲ್ಯೂ ಬಿಚೆಂಗ್ ಎಂಬ ಕವಯಿತ್ರಿಗೆ ಕಲಿಸಲೆಂದು. ಪತ್ರಿಕೋದ್ಯಮ, ಹೆಣ್ಣುಮಕ್ಕಳ ಶಾಲೆ ಎಂದೆಲ್ಲ ಓಡಾಡಿದ ಆಧುನಿಕ ಹೆಣ್ಣು ಆಕೆ.

ಭಾರತದ ನಂಟು? ಇದೆ, ಆದರೆ ಎಳೆ ತೆಳುವಾದದ್ದು. ವಸಿಷ್ಠ ‘ಮಹಾಚೀನ’ಕ್ಕೆ ಹೋಗಿ ಅಲ್ಲಿನ ಆಚಾರ ಕಲಿತು ಬಂದನೆಂದು ರುದ್ರಯಾಮಲದಂಥ ತಂತ್ರಗ್ರಂಥಗಳು ಹೇಳುತ್ತವೆ. ಅತ್ತ, 648ರಲ್ಲಿ ಚೀನಾದ ಟಾಂಗ್ ರಾಜವಂಶದ ರಾಯಭಾರಿ ವಾಂಗ್ ಶುವಾನ್‌ಝೆ ಇನ್ನೂರು ವರ್ಷ ವಯಸ್ಸೆಂದು ಹೇಳಿಕೊಳ್ಳುತ್ತಿದ್ದ ನಾರಾಯಣಸ್ವಾಮಿ ಎಂಬ ಭಾರತೀಯ ರಸವಾದಿಯನ್ನು ಚಕ್ರವರ್ತಿಯ ಬಳಿಗೆ ಕರೆದೊಯ್ದಿದ್ದ. ಈ ವಿಷಯವನ್ನು ಪಶ್ಚಿಮಕ್ಕೆ ಗಂಭೀರವಾಗಿ ಪರಿಚಯಿಸಿದ ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್, ಬೌದ್ಧ ವಜ್ರಯಾನದ ಕೆಲವು ಆಚರಣೆಗಳಿಗೆ ಟಾವೋ ಮೂಲವಿದೆಯೆಂದು ವಾದಿಸಿದ. 1951ರಲ್ಲಿ ಅವನು ಈ ವಿದ್ಯೆಯ ಬಗೆಗಿನ ಪುಸ್ತಕವೊಂದನ್ನು ಅಚ್ಚು ಹಾಕಿದ್ದು ಐವತ್ತೇ ಪ್ರತಿ. ಅದರಲ್ಲಿ ಟಾವೋ ಕಾಮವಿದ್ಯೆಯನ್ನು ರಕ್ತಪಿಶಾಚಿತನವೆಂಬಂತೆ ಬಣ್ಣಿಸಿದ್ದ; ವಿಜ್ಞಾನ ಇತಿಹಾಸಕಾರ ಜೋಸೆಫ್ ನೀಡಮ್ ಆಕ್ಷೇಪಿಸಿದ ಮೇಲೆ 1961ರ ಪುಸ್ತಕದಲ್ಲಿ ಮಾತು ತಿದ್ದಿಕೊಂಡ.

ಕರ್ನಾಟಕದ ಬಸ್ ನಿಲ್ದಾಣಗಳ ಗೋಡೆಯಲ್ಲಿ ಗುಪ್ತರೋಗದ ಜಾಹೀರಾತು ಓದಿ ಬೆಳೆದವರಿಗೆ ಇನ್ನೊಂದು ನಂಟು ಬೇಗ ಹೊಳೆಯುತ್ತದೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂಬ ಮಾತು ಇಲ್ಲಿ ಹೈಸ್ಕೂಲು ಹುಡುಗನ ಕಿವಿಗೂ ಬೀಳುತ್ತದೆ. ಚೀನೀಯರ ಗಾದೆಯಲ್ಲಿ ಅದು ಹತ್ತೇ ಹನಿ. ಅವರ ದರ ಅಗ್ಗ. ಈ ಭಯದಿಂದ ಹುಟ್ಟುವ ನಿಶ್ಶಕ್ತಿ, ಬೆನ್ನುನೋವು, ಗಾಬರಿಗೆ ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂಬ ಹೆಸರಿಟ್ಟರು. ಚೀನಾದಲ್ಲಿ ಅದರ ತಮ್ಮ ‘ಶೆನ್‌ಕುಯಿ’, ಮೂತ್ರಪಿಂಡದ ಬಡತನ. ವೀರ್ಯವನ್ನು ತಡೆದು ಮೆದುಳಿಗೆ ಏರಿಸುವುದಾಗಿ ಹಳೆಯ ಗ್ರಂಥಗಳು ಹೇಳುವ ಉಪಾಯದ ಗುಟ್ಟನ್ನೂ ವೈದ್ಯಶಾಸ್ತ್ರ ಬಿಡಿಸಿದೆ. ಕೊನೆಯ ಗಳಿಗೆಯಲ್ಲಿ ಬುಡದ ನಾಳವನ್ನು ಬೆರಳಿನಿಂದ ಒತ್ತಿದರೆ ವೀರ್ಯ ಮೂತ್ರಕೋಶಕ್ಕೆ ಹಿಮ್ಮರಳುತ್ತದೆ, ಆಮೇಲೆ ಮೂತ್ರದ ಜೊತೆ ಹೊರಹೋಗುತ್ತದೆ. ಬೆನ್ನೇರುವ ದಾರಿ ಅದಕ್ಕಿಲ್ಲ. 2016ರಲ್ಲಿ ಪ್ರಕಟವಾದ, ಸುಮಾರು 32 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ತಿಂಗಳಿಗೆ 21 ಅಥವಾ ಹೆಚ್ಚು ಬಾರಿ ಸ್ಖಲನವಾಗುತ್ತಿದ್ದವರಿಗೆ, ನಾಲ್ಕರಿಂದ ಏಳು ಬಾರಿಯವರಿಗಿಂತ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಸುಮಾರು ಶೇ. 20 ಕಡಿಮೆ ಕಂಡಿತು. ಅದೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ಹನಿ ಲೆಕ್ಕ ಹಾಕಿ ನಿದ್ದೆಗೆಟ್ಟ ಹುಡುಗರಿಗೆ ಹೇಳಬೇಕಾದ ಸಂಗತಿ.

ಹಾಗಾದರೆ ಯೀ ಕೂಡ ಬರೀ ಕಲ್ಪನೆಯೇ? ಪೂರ್ತಿ ಹಾಗೆನ್ನಲಾಗದು. ಅಯೋವಾ ವಿಶ್ವವಿದ್ಯಾಲಯದ ಗುವಾಂಗ್ ಯುವೆ ಮತ್ತು ಕೆಲ್ಲಿ ಕೋಲ್ 1992ರಲ್ಲಿ ಕಿರುಬೆರಳಿನ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ನಾಲ್ಕು ವಾರ ಬೆರಳಿಗೆ ನಿಜವಾದ ವ್ಯಾಯಾಮ ಮಾಡಿತು, ಬಲ ಶೇ. 30 ಹೆಚ್ಚಿತು. ಇನ್ನೊಂದು ಗುಂಪು ಬೆರಳು ಅಲುಗಿಸದೆ ವ್ಯಾಯಾಮವನ್ನು ಮನಸ್ಸಿನಲ್ಲೇ ಮಾಡಿತು, ಬಲ ಶೇ. 22 ಹೆಚ್ಚಿತು. ಏನೂ ಮಾಡದವರದು ಶೇ. ನಾಲ್ಕರ ಒಳಗೇ ಉಳಿಯಿತು. ಬೆಳೆದದ್ದು ಸ್ನಾಯುವಲ್ಲ, ಮೆದುಳು ಅದಕ್ಕೆ ಕಳಿಸುವ ಅಪ್ಪಣೆ. ಪಾರ್ಕಿನ್ಸನ್ ರೋಗಿಗಳಿಗೆ ತಾಯ್‌ಚೀಯಿಂದ ಸಮತೋಲ ಸುಧಾರಿಸಿ ಬೀಳುವುದು ತಗ್ಗಿದ್ದನ್ನು 2012ರಲ್ಲಿ ಒರೆಗಾನ್‌ನ ಸಂಶೋಧಕರು ತೋರಿಸಿದರು. ಇದರಿಂದ ಚೀ ಎಂಬ ದ್ರವ್ಯ ಸಾಬೀತಾಗುವುದಿಲ್ಲ. ಗಮನ ಹೋದಲ್ಲಿ ಮೈ ಬದಲಾಗುತ್ತದೆ ಎಂಬಷ್ಟು ಮಾತ್ರ ನಿಲ್ಲುತ್ತದೆ. ಸಾಧಕರು ಮೈಯೊಳಗೆ ಕಂಡ ಬಿಸಿ, ಜುಮ್ಮು, ಹರಿವು ಸುಳ್ಳಲ್ಲ. ಅದಕ್ಕೆ ಅವರು ಬರೆದ ನಕ್ಷೆ ಶರೀರಶಾಸ್ತ್ರದ್ದಲ್ಲ.

ಇಂಗಿತಕ್ಕೆ ಬಲ ಹಾಕಿದರೆ ಆಗುವ ಅನಾಹುತವೂ ದಾಖಲಾಗಿದೆ. 1980ರ ದಶಕದಲ್ಲಿ ಚೀನಾದ ಪಾರ್ಕುಗಳಲ್ಲಿ ಚೀ ಪಳಗಿಸುವ ವ್ಯಾಯಾಮವಾದ ಚೀಗೊಂಗ್‌ನ ಹುಚ್ಚು ಹೊಳೆಯಂತೆ ಹರಿಯಿತು. ಕ್ಷಿಪಣಿ ವಿಜ್ಞಾನಿ ಛಿಯಾನ್ ಶ್ವೇಸೆನ್‌ನಂಥವರೇ ಅದರ ಬೆನ್ನಿಗೆ ನಿಂತರು. ಅದರ ಜೊತೆಗೇ ದನಿ ಕೇಳಿಸುತ್ತದೆ, ಮೈಯಲ್ಲಿ ಹರಿವು ನಿಲ್ಲುತ್ತಿಲ್ಲ ಎಂದು ಆಸ್ಪತ್ರೆಗೆ ಬರುವವರೂ ಹೆಚ್ಚಿದರು. ಅಮೆರಿಕದ ಮನೋವೈದ್ಯರ 1994ರ ಕೈಪಿಡಿ ಅದನ್ನು ಚೀಗೊಂಗ್ ಸಂಬಂಧಿ ಮನೋವಿಕಾರವೆಂದು ಸೇರಿಸಿತು. ಸಾಧಕರ ಮಾತಿನಲ್ಲಿ ಇದಕ್ಕೆ ಮೊದಲೇ ಹೆಸರಿತ್ತು: ಬೆಂಕಿ ದಾರಿ ತಪ್ಪುವುದು. ಅದನ್ನು ತಡೆಯಲು ಅವರು ನೆನಪಿಸುವುದು ಪ್ರಾಚೀನ ಚೀನೀ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ ಸೊಂಗ್ ರಾಜ್ಯದ ರೈತನ ಕಥೆ. ಪೈರು ಬೆಳೆಯುತ್ತಿಲ್ಲವೆಂದು ಅವನು ಒಂದೊಂದನ್ನೂ ಮೇಲಕ್ಕೆ ಜಗ್ಗಿ, ಸುಸ್ತಾಗಿ ಮನೆಗೆ ಬಂದು, ಇವತ್ತು ಪೈರಿಗೆ ಬೆಳೆಯಲು ನೆರವಾದೆ ಎಂದ. ಮಗ ಓಡಿಹೋಗಿ ನೋಡಿದರೆ ಗದ್ದೆಯೆಲ್ಲ ಬಾಡಿತ್ತು.

ಪಶ್ಚಿಮದ ಪುಸ್ತಕದಂಗಡಿಯಲ್ಲಿ ಹೆಚ್ಚು ಮಾರಾಟವಾದದ್ದು ಜಗ್ಗುವ ಪಾಠವೇ. ಸ್ಟಾಕ್‌ಹೋಮಿನಲ್ಲಿದ್ದ ಜೋಲನ್ ಚಾಂಗ್ 1977ರಲ್ಲಿ, ಬ್ಯಾಂಕಾಕಿನಲ್ಲಿ ಹುಟ್ಟಿದ ಮಂಟಕ್ ಚಿಯಾ 1984ರಲ್ಲಿ ತಂದ ಪುಸ್ತಕಗಳಿಂದ ಈ ವಿದ್ಯೆ ದಾಂಪತ್ಯದ ಸುಖವನ್ನು ಹಿಗ್ಗಿಸುವ ತರಬೇತಿಯಾಗಿ ಹರಡಿತು. ಚಿಯಾ ಚಿಯಾಂಗ್‌ಮಾಯ್‌ನಲ್ಲಿ ಕಟ್ಟಿದ ಟಾವೋ ಗಾರ್ಡನ್‌ಗೆ ಜಗತ್ತಿನೆಲ್ಲೆಡೆಯಿಂದ ಜನ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಗಂಡಸರಿಗೆ ಅವಸರ ಬೇಡ ಎಂದು ಕಲಿಸಿದರೂ ಅದು ಪುಣ್ಯದ ಕೆಲಸವೇ. ಆದರೆ ಆ ಪಾಠದಲ್ಲಿ ಹಳದಿ ಅಜ್ಜಿಗೆ ಸಿಗುವ ಜಾಗ ಕಡಿಮೆ.

ಆಕೆಯ ಲೋಕವನ್ನು ನೋಡಬೇಕೆನ್ನುವವರು ಬೀಜಿಂಗಿನ ಬಿಳಿ ಮೋಡದ ಮಠಕ್ಕೆ, ಬಾಯ್‌ಯುನ್ ಗುವಾನ್‌ಗೆ ಹೋಗುತ್ತಾರೆ. ಅಲ್ಲಿ 1886ರಲ್ಲಿ ಕಲ್ಲಿನ ಮೇಲೆ ಕೊರೆಸಿದ ‘ನೇಯ್‌ಜಿಂಗ್ ಟು’ ಇದೆ, ಕೂತ ಮನುಷ್ಯನ ಮೈಯನ್ನು ಬೆಟ್ಟದಂತೆ ಬಿಡಿಸಿದ ನಕ್ಷೆ. ತಲೆಯ ಜಾಗದಲ್ಲಿ ಶಿಖರಗಳು, ಬೆನ್ನುಹುರಿಯ ಗುಂಟ ಏರುವ ನದಿ. ತೀರಾ ಕೆಳಗೆ ಹುಡುಗ ಹುಡುಗಿ ಇಬ್ಬರು ಏತದ ಚಕ್ರ ತುಳಿದು ನೀರನ್ನು ಮೇಲಕ್ಕೆ ತಳ್ಳುತ್ತಿದ್ದಾರೆ. ಮೂತ್ರಪಿಂಡದ ಬಳಿ ನೇಯುತ್ತಿರುವ ಹೆಣ್ಣು, ಹೃದಯದ ಬಳಿ ಆಕೆಯ ದನಗಾಹಿ ನಲ್ಲ. ಹೊಕ್ಕುಳ ಕೆಳಗಿನ ಹೊಲದಲ್ಲಿ ಒಂದು ಎತ್ತು ಉಳುತ್ತಿದೆ. ಬೆಟ್ಟದ ಮೇಲಿನ ಮನೆಯೊಂದರ ಗೋಡೆಯಲ್ಲಿ ತೂಗುತ್ತಿದ್ದ ಹಳೆಯ ಚಿತ್ರಪಟವನ್ನು ಆಕಸ್ಮಿಕವಾಗಿ ಕಂಡು, ಅದು ಹಾಳಾಗದಿರಲೆಂದು ಕಲ್ಲಿಗೆ ಇಳಿಸಿದವನು ಲಿಯು ಚೆಂಗ್‌ಯಿನ್. ಛಿಂಗ್ ಅರಮನೆಯಲ್ಲಿ ಸೇವೆಗಿದ್ದ ಷಂಡ ಅವನು. ಮಠದಲ್ಲಿ ದೀಕ್ಷೆ ಪಡೆದು, ಚಿತ್ರದ ಅಂಚಿನಲ್ಲಿ ತನ್ನ ಹೆಸರು ಕೆತ್ತಿಸಿದ್ದಾನೆ.